ಕ್ಯಾಸೆಟ್ ಇಟ್ಟರೆ ಹಾಡುವ ಪೆಟ್ಟಿಗೆ: ಮನೆಯಲ್ಲೇ ಕಟ್ಟಿಕೊಳ್ಳುವ ಬಗೆ

ಗದಗಿನ ಬೆಟಗೇರಿಯಲ್ಲಿ ನಮ್ಮ ಸೋದರಮಾವ ಇದ್ದಾರೆ. ವಯಸ್ಸು ಎಪ್ಪತ್ತೆಂಟು. ಗ್ಲಾಕೋಮಾದಿಂದ ಕಣ್ಣು ಮಂಜಾಗಿದೆ. ಎರಡು ವರ್ಷದ ಹಿಂದೆ ಅವರಿಗೊಂದು ಒಳ್ಳೆ ಫೋನ್ ಕೊಡಿಸಿದ್ದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಎಲ್ಲರನ್ನೂ ಅದರಲ್ಲಿ ತುಂಬಿ ಧಾರವಾಡಕ್ಕೆ ವಾಪಸ್ ಬಂದೆ. ಮುಂದಿನ ಸಲ ಹೋದಾಗ ಫೋನ್ ದೇವರ ಜಗಲಿ ಮೇಲೆ ಮಲಗಿತ್ತು.

"ಏ ಅಳಿಯಾ, ಹಾಡು ಎಲ್ಲಾ ಅದಾವ ಅಂತಿ. ಆದ್ರ ಬೆರಳಿಗೆ ಒಂದೂ ಸಿಗವಲ್ದು," ಅಂದರು ಮಾಮಾ.

ಮಾತು ಸರಿಯೇ ಇತ್ತು. ಇದೇ ಮಾಮಾ ಮೊದಲು ಕತ್ತಲಲ್ಲಿ ಕ್ಯಾಸೆಟ್ ಹುಡುಕುತ್ತಿದ್ದರು. ಹೆಬ್ಬೆರಳಿನಿಂದ ಅಂಚು ಸವರಿ, ಸುರುಳಿ ಯಾವ ಕಡೆ ದಪ್ಪ ಇದೆ ಅಂತ ನೋಡಿ, ಒಳಗೆ ತಳ್ಳಿ ಟಕ್ ಅಂತ ಒತ್ತುತ್ತಿದ್ದರು. ಗಾಜಿನ ಮೇಲೆ ಎಲ್ಲಿ ಮುಟ್ಟಿದರೂ ಒಂದೇ ನುಣುಪು. ಅಲ್ಲಿ ಕೈಗೆ ಕೆಲಸವೇ ಇಲ್ಲ. ಕಣ್ಣು ನೆಟ್ಟಗಿರುವ ನನ್ನ ಕತೆಯೂ ಅಷ್ಟೇ. ಆಲಾಪ ನಾಲ್ಕು ನಿಮಿಷ ದಾಟುವಷ್ಟರಲ್ಲಿ ಬೆರಳು ಮುಂದಿನ ರಾಗದ ಮೇಲೆ ಹೋಗಿರುತ್ತದೆ.

ಹೀಗಾಗಿ ಈ ಪೆಟ್ಟಿಗೆ ಕಟ್ಟಿದೆ. ಕ್ಯಾಸೆಟ್ ಇಟ್ಟರೆ ಹಾಡುತ್ತದೆ, ಎತ್ತಿದರೆ ನಿಲ್ಲುತ್ತದೆ, ತಿರುವಿ ಇಟ್ಟರೆ ಬಿ ಸೈಡ್. ಪರದೆ ಇಲ್ಲ, ಪಟ್ಟಿ ಇಲ್ಲ, ಇಂಟರ್ನೆಟ್ ಬೇಕಿಲ್ಲ. ಸೋಲ್ಡರಿಂಗ್ ಐರನ್ ಒಮ್ಮೆಯಾದರೂ ಹಿಡಿದವರು ಎರಡು ಭಾನುವಾರದಲ್ಲಿ ಮುಗಿಸಬಹುದು. ನನಗೆ ನಾಲ್ಕು ತಿಂಗಳು ಹಿಡಿಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದು ಕೆಲಸ ಮಾಡುವುದು ಹೇಗೆ

ಕ್ಯಾಸೆಟ್‌ನ ಹಳೆಯ ಟೇಪು ಇಲ್ಲಿ ಹಾಡುವುದಿಲ್ಲ. ಹಾಡುಗಳು ಪೆಟ್ಟಿಗೆಯೊಳಗಿನ ಮೆಮೊರಿ ಕಾರ್ಡ್‌ನಲ್ಲಿ ಎಂಪಿ3 ಆಗಿ ಇರುತ್ತವೆ. ಕ್ಯಾಸೆಟ್‌ನ ಹೊಟ್ಟೆಯಲ್ಲಿ ಸೈಡಿಗೊಂದರಂತೆ ಎಂಟಾಣೆ ಬಿಲ್ಲೆಯಷ್ಟಗಲದ ಟ್ಯಾಗ್ ಸ್ಟಿಕ್ಕರ್ ಇರುತ್ತದೆ. ಬ್ಯಾಟರಿ ಬೇಡದ, ಮೆಟ್ರೋ ಕಾರ್ಡ್‌ನಲ್ಲಿ ಇರುತ್ತದಲ್ಲ, ಅದೇ ಜಾತಿ. ಪೆಟ್ಟಿಗೆಯ ಮೇಲ್ಹಲಗೆಯ ಅಡಿಯಲ್ಲಿರುವ ರೀಡರ್ ಆ ಟ್ಯಾಗ್‌ನ ನಂಬರ್ ಓದುತ್ತದೆ. ಒಂದು ಸಣ್ಣ ಬೋರ್ಡ್ ಆ ನಂಬರ್ ನೋಡಿ "ಏಳನೇ ಫೋಲ್ಡರ್ ಹಾಡು" ಅಂತ ಪ್ಲೇಯರ್‌ಗೆ ಹೇಳುತ್ತದೆ. ಅಷ್ಟೇ.

ಮೊದಲು ನಾನು ಟ್ಯಾಗ್ ಬಳಸಿರಲಿಲ್ಲ. ಪ್ರತಿ ಕ್ಯಾಸೆಟ್‌ನಲ್ಲಿ ಬೇರೆ ಬೇರೆ ಬೆಲೆಯ ಒಂದು ರೆಸಿಸ್ಟರ್, ಹೊರಗೆ ಎರಡು ಹಿತ್ತಾಳೆ ಪಟ್ಟಿ. ಪೆಟ್ಟಿಗೆಯಲ್ಲಿ ಅದಕ್ಕೆ ತಾಗುವ ಎರಡು ಸ್ಪ್ರಿಂಗ್. ವೋಲ್ಟೇಜ್ ಅಳೆದು ಯಾವ ಕ್ಯಾಸೆಟ್ ಅಂತ ಗುರುತಿಸುವ ಉಪಾಯ. ಖರ್ಚು ಕಡಿಮೆ, ನನಗಂತೂ ಬಹಳ ಹೆಮ್ಮೆ. ಆದರೆ ಮಾಮಾನ ಮನೆ ಪಕ್ಕ ಕೈಮಗ್ಗ ಇದೆ. ನೂಲಿನ ಧೂಳು ಹಿತ್ತಾಳೆ ಮೇಲೆ ಕೂತು, ಕಿಲುಬೂ ಸೇರಿ, ರೆಸಿಸ್ಟರ್ ಬೆಲೆಯೇ ಬೇರೆಯಾಗಿ ಕಾಣತೊಡಗಿತು. ಒಂದು ತಿಂಗಳಲ್ಲಿ ಮನ್ಸೂರರನ್ನು ಇಟ್ಟರೆ ಭೀಮಸೇನರು ಹಾಡುತ್ತಿದ್ದರು. ಟ್ಯಾಗ್‌ಗೆ ಯಾವ ತಂತಿಯೂ ತಾಗಬೇಕಿಲ್ಲ, ಧೂಳಿನ ಹಂಗಿಲ್ಲ. ನೀವು ನೇರ ಅದಕ್ಕೇ ಬನ್ನಿ.

ಬೇಕಾಗುವ ಸಾಮಾನು

ಬೋರ್ಡ್: ಇಎಸ್‌ಪಿ32 ಡೆವ್‌ಕಿಟ್. ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್ ಇದು. ವ್ರೂಮ್ ಅಂತ ಬರೆದಿರುವ ಮಾಡ್ಯೂಲ್ ಇರಲಿ. ವ್ರೋವರ್‌ನಲ್ಲಿ ನಾವು ಬಳಸುವ 16 ಮತ್ತು 17ನೇ ಪಿನ್ ಅದರ ಸ್ವಂತ ಮೆಮೊರಿಗೆ ಹೋಗಿರುತ್ತವೆ. ಆರ್ಡುಯಿನೊ ನ್ಯಾನೊ ಅನ್ನುವ ಇಂಥದ್ದೇ ಬೋರ್ಡ್ ಮನೆಯಲ್ಲಿದೆ ಅಂದರೆ ಅದರಲ್ಲೂ ಆಗುತ್ತದೆ. ಆದರೆ ನ್ಯಾನೊ ಮಾತಾಡುವುದು 5 ವೋಲ್ಟ್‌ನಲ್ಲಿ, ರೀಡರ್ ಮತ್ತು ಪ್ಲೇಯರ್ ಎರಡರ ಭಾಷೆ 3.3 ವೋಲ್ಟ್. ನಡುವೆ ದುಭಾಷಿ ಬೇಕಾಗುತ್ತದೆ. ಇಎಸ್‌ಪಿ32 ಹುಟ್ಟಿನಿಂದಲೇ 3.3ರದು. ಆ ತಲೆನೋವು ಇಲ್ಲ.

ರೀಡರ್: ಆರ್‌ಸಿ522. ಇದು 13.56 ಮೆಗಾಹರ್ಟ್ಸ್‌ನದು. ಟ್ಯಾಗ್ ಕೊಳ್ಳುವಾಗ ಅದೇ ಸಂಖ್ಯೆ ಕೇಳಿ. 25 ಮಿಲಿಮೀಟರ್ ದುಂಡನೆಯ ಎನ್‌ಟ್ಯಾಗ್213 ಸ್ಟಿಕ್ಕರ್ ಚೆನ್ನಾಗಿ ಕೂರುತ್ತದೆ. ಗೇಟ್ ತೆರೆಯುವ ಕೀಲಿ ಬಿಲ್ಲೆಗಳಲ್ಲಿ 125 ಕಿಲೋಹರ್ಟ್ಸ್‌ನವೂ ಇರುತ್ತವೆ. ನೋಡಲು ಒಂದೇ ಥರ, ಆದರೆ ಈ ರೀಡರ್ ಅವನ್ನು ಓದುವುದೇ ಇಲ್ಲ.

ಪ್ಲೇಯರ್: ಡಿಎಫ್‌ಪ್ಲೇಯರ್ ಮಿನಿ. ಹೆಬ್ಬೆರಳಿನಷ್ಟು ದೊಡ್ಡದು. 32 ಜಿಬಿವರೆಗಿನ ಮೈಕ್ರೋ ಎಸ್‌ಡಿ ಕಾರ್ಡ್ ಓದುತ್ತದೆ, ಒಳಗೇ 3 ವಾಟ್‌ನ ಮೊನೊ ಆಂಪ್ಲಿಫೈಯರ್ ಇದೆ. ಸ್ಟೀರಿಯೊ ಬೇಡವೇ ಅಂತ ಕೇಳಿದರೆ, ನಮ್ಮ ಹಳೆಯ ಗ್ರಾಮಫೋನ್ ತಟ್ಟೆಗಳೆಲ್ಲ ಮೊನೊ. ಮನೆಯಲ್ಲಿ ರೇಡಿಯೋದಿಂದ ಹಿಡಿದದ್ದೂ ಮೊನೊ. ಒಂದು ಒಳ್ಳೆ ಸ್ಪೀಕರ್ ಎರಡು ಕೆಟ್ಟ ಸ್ಪೀಕರ್‌ಗಿಂತ ಮೇಲು.

ಉಳಿದದ್ದು: ನಾಲ್ಕು ಇಂಚಿನ 4 ಅಥವಾ 8 ಓಮ್ ಸ್ಪೀಕರ್, 1 ಕಿಲೋಓಮ್ ರೆಸಿಸ್ಟರ್ ಒಂದು, 1000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್ ಒಂದು, ಒತ್ತುವ ಗುಂಡಿ ಒಂದು, 5 ವೋಲ್ಟ್ 2 ಆಂಪ್ ಚಾರ್ಜರ್. ಆಮೇಲೆ 10 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್. ಇದರಲ್ಲಿ ಮಾತ್ರ ಜಿಪುಣತನ ಬೇಡ. ಹಳೆ ರೇಡಿಯೋದಲ್ಲಿ ತಿರುವಿದರೆ ಮೊದಲು ಟಕ್ ಅಂತ ಆನ್ ಆಗಿ ಆಮೇಲೆ ದನಿ ಏರುತ್ತದಲ್ಲ, ಆ ಸ್ವಿಚ್ ಇರುವಂಥದ್ದೇ ಕೇಳಿ ತನ್ನಿ. ಮೇಲೆ ದೊಡ್ಡ ಗುಬುಟು ಹಾಕಿ.

ಸ್ಪೀಕರ್, ಗುಬುಟು ಎರಡೂ ನನಗೆ ಹುಬ್ಬಳ್ಳಿಯ ಒಂದು ಗುಜರಿಯಲ್ಲಿ ಸತ್ತ ಟೂ-ಇನ್-ಒನ್‌ನಲ್ಲಿ ಸಿಕ್ಕವು. ಎಲ್ಲ ಸೇರಿ ನನಗೆ ಬಿದ್ದದ್ದು ಸಾವಿರದ ಐದುನೂರರ ಆಸುಪಾಸು. ಇದರಲ್ಲಿ ನಾನು ಸುಟ್ಟ ಒಂದು ರೀಡರ್ ಸೇರಿಲ್ಲ.

ಮೊದಲ ಕೆಲಸ: ಟೇಪಿನಿಂದ ಹಾಡು ಇಳಿಸುವುದು

ತಂತಿಗೆ ಕೈ ಹಾಕುವ ಮೊದಲು ಹಾಡು ಸಿದ್ಧ ಮಾಡಿಕೊಳ್ಳಿ. ಟೇಪು ದಿನಾ ಹಾಳಾಗುತ್ತಿರುತ್ತದೆ, ತಂತಿ ಕಾಯುತ್ತದೆ.

ಕ್ಯಾಸೆಟ್ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಬೇರೆ ಇಡಿ. ಅದನ್ನು ಓಡಿಸಿದರೆ ಬೂಷ್ಟು ಡೆಕ್‌ನಲ್ಲಿ ಟೇಪು ಓದುವ ಹೆಡ್ಡಿಗೆ ತಾಗಿ, ಅಲ್ಲಿಂದ ಬೇರೆ ಕ್ಯಾಸೆಟ್‌ಗೂ ಹಬ್ಬುತ್ತದೆ. ಚೆನ್ನಾಗಿರುವುದನ್ನು ಒಂದು ಸಲ ಪೂರ್ತಿ ಮುಂದೆ ಓಡಿಸಿ, ಪೂರ್ತಿ ಹಿಂದೆ ತನ್ನಿ. ವರ್ಷಗಟ್ಟಲೆ ಅಂಟಿಕೊಂಡಿದ್ದ ಸುರುಳಿ ಸಡಿಲಾಗುತ್ತದೆ. ಡೆಕ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಂತ ಮೇಲೆ ಸಾಕು.

ಈಗ ಒಂದು ಸಣ್ಣ ಗುಟ್ಟು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದು ಹೆಡ್ಡಿನ ವಾಲು ತಿದ್ದುವ ಸ್ಕ್ರೂ. ಹಾಡು ನಡೆಯುತ್ತಿರುವಾಗಲೇ ಅದನ್ನು ಕಾಲು ಸುತ್ತಿನಷ್ಟು ಅತ್ತಿತ್ತ ತಿರುಗಿಸಿ ನೋಡಿ. ಒಂದು ಜಾಗದಲ್ಲಿ ತಂಬೂರಿಯ ತಂತಿ ಇದ್ದಕ್ಕಿದ್ದಂತೆ ಝಗ್ ಅಂತ ಬೆಳಗುತ್ತದೆ. ಅಲ್ಲೇ ಬಿಡಿ. ಬೇರೆ ಮಷೀನಿನಲ್ಲಿ ಹಿಡಿದ ಟೇಪಿಗೆ ಇದು ಮಾಡಲೇಬೇಕು. ಕಂಪ್ಯೂಟರಿನಲ್ಲಿ ಆಮೇಲೆ ಎಷ್ಟು ತಿದ್ದಿದರೂ ಆ ಬೆಳಕು ಬರುವುದಿಲ್ಲ.

ವೇಗವನ್ನೂ ನೋಡಿ. ಕ್ಯಾಸೆಟ್ ಓಡಬೇಕಾದದ್ದು ಸೆಕೆಂಡಿಗೆ 4.76 ಸೆಂಟಿಮೀಟರ್. ಬೆಲ್ಟ್ ಜೋತು ಬಿದ್ದರೆ ನಿಧಾನವಾಗುತ್ತದೆ. ನೂರಕ್ಕೆ ಆರರಷ್ಟು ನಿಧಾನವಾದರೆ ಶ್ರುತಿ ಒಂದು ಅರ್ಧಸ್ವರ ಇಳಿಯುತ್ತದೆ. ಹಾಡಿನ ಅವಧಿ ಅಚ್ಚಾಗಿರುವ ಒಂದು ಕಂಪನಿ ಕ್ಯಾಸೆಟ್ ಹಾಕಿ ಗಡಿಯಾರ ಹಿಡಿದು ಕೂತರೆ ಗೊತ್ತಾಗುತ್ತದೆ.

ಡೆಕ್‌ನ ಲೈನ್ ಔಟ್‌ನಿಂದ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಅಲ್ಲಿಂದ ಲ್ಯಾಪ್‌ಟಾಪ್. ಅಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಆಗಿ ಹಿಡಿಯಿರಿ. ಅತಿ ಜೋರಿನ ತಾನ್ ಬಂದಾಗಲೂ ಮೀಟರ್ ಕೆಂಪು ಮುಟ್ಟಬಾರದು. ವೇವ್ ಫೈಲ್ ಬೇರೆ ಕಡೆ ಜೋಪಾನ ಮಾಡಿ, ಪೆಟ್ಟಿಗೆಗೆ 192 ಕೆಬಿಪಿಎಸ್ ಎಂಪಿ3 ಮಾಡಿ. ಅರ್ಧ ತಾಸಿನ ಒಂದು ಸೈಡ್ ಸುಮಾರು 43 ಎಂಬಿ ಆಗುತ್ತದೆ.

ಸದ್ದು ತೆಗೆಯುವ ಫಿಲ್ಟರ್ ಬಗ್ಗೆ ಒಂದು ಮಾತು. ಸುಮ್ನೆ ಒತ್ತಬೇಡಿ. ಜೊರ್ರೆನ್ನುವ ಸದ್ದಿನ ಜೊತೆ ತಂಬೂರಿಯೂ ಹೋಗುತ್ತದೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅದರ ಸಂಗೀತ ಕಾರ್ಯಕ್ರಮಗಳನ್ನು ರೇಡಿಯೋದಿಂದ ಕ್ಯಾಸೆಟ್‌ಗೆ ಹಿಡಿದಿಟ್ಟ ಮನೆಗಳು ಈ ಕಡೆ ಬಹಳ. ಮಾಮಾ ಹಿಡಿದ ಒಂದು ಯಮನ್‌ನಲ್ಲಿ ವಿಲಂಬಿತ ಮುಗಿಯುವ ಹೊತ್ತಿಗೆ ಕುಕ್ಕರ್ ಮೂರು ಸಲ ಕೂಗುತ್ತದೆ. ನಾನು ಅದನ್ನು ಕತ್ತರಿಸಿ ಕೇಳಿಸಿದೆ. "ಸೀಟಿ ಎಲ್ಲಿ ಹೋತು? ಅದು ನಿಮ್ಮ ಮಾಮಿ ಬ್ಯಾಳಿ ಇಟ್ಟಿದ್ಲು," ಅಂದರು. ವಾಪಸ್ ಹಾಕಿದೆ.

ಕಾನೂನಿನ ಲೆಕ್ಕವೂ ಇರಲಿ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತದೆ. ನಿಮ್ಮ ಕ್ಯಾಸೆಟ್ಟನ್ನು ನಿಮ್ಮ ಮನೆಯಲ್ಲಿ ಕೇಳಲು ಇಳಿಸಿಕೊಳ್ಳಿ. ಊರಿಗೆಲ್ಲ ಹಂಚಬೇಡಿ.

ಕಾರ್ಡನ್ನು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ. 01, 02, 03 ಅಂತ ಫೋಲ್ಡರ್, ಒಳಗೆ 001, 002 ಅಂತ ಫೈಲ್. ಒಂದು ಸೈಡ್‌ಗೆ ಒಂದು ಫೋಲ್ಡರ್. ಈ ಪ್ಲೇಯರ್ 99 ಫೋಲ್ಡರ್‌ವರೆಗೆ ಮಾತ್ರ ಹೋಗುತ್ತದೆ, ಅಂದರೆ 49 ಕ್ಯಾಸೆಟ್. ಕಾರ್ಡ್‌ನಲ್ಲಿ ಜಾಗ ಇನ್ನೂ ಎಷ್ಟೋ ಉಳಿಯುತ್ತದೆ, ಆದರೂ ನನಗೆ ಇದು ಕೊರತೆ ಅನಿಸಲಿಲ್ಲ. ನಲವತ್ತೊಂಬತ್ತು ಕ್ಯಾಸೆಟ್ ಅಂದರೆ ಗೋಡೆಯ ಗೂಡು ತುಂಬಿತು.

ಕ್ಯಾಸೆಟ್‌ನೊಳಗೆ ಎರಡು ಟ್ಯಾಗ್

ಬೂಷ್ಟು ಹಿಡಿದು ಕೆಟ್ಟ ಕ್ಯಾಸೆಟ್‌ಗಳೇ ಇದಕ್ಕೆ ಸರಿ. ಅದರಲ್ಲೂ ಸ್ಕ್ರೂ ಇರುವಂಥದ್ದು ಆರಿಸಿ. ಅಂಟಿಸಿ ಮುಚ್ಚಿದ ಕ್ಯಾಸೆಟ್ ತೆರೆಯಲು ಹೋದರೆ ಒಡೆಯುತ್ತದೆ.

ಎ ಸೈಡ್, ಬಿ ಸೈಡ್ ಎರಡಕ್ಕೂ ಟ್ಯಾಗ್ ಬೇಕು. ಆದರೆ ಒಂದರ ಮೇಲೊಂದು ಅಂಟಿಸಿದರೆ ಎರಡೂ ಒಟ್ಟಿಗೆ ಮಾತಾಡಿ ಗದ್ದಲವಾಗುತ್ತದೆ. ನಡುವೆ ಬೆಳ್ಳಿ ಕಾಗದ ಇಟ್ಟೆ, ಎರಡೂ ಸತ್ತವು. ಲೋಹ ಹತ್ತಿರ ಬಂದರೆ ಟ್ಯಾಗ್ ಕೆಲಸ ಮಾಡುವುದಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಸುಮ್ನೆ ತಿರುವುತ್ತಿದ್ದೆ. ತಿರುವಿದಾಗ ಎಡಗಡೆಯದು ಬಲಕ್ಕೆ ಹೋಗುತ್ತದೆ! ಉತ್ತರ ಅಲ್ಲೇ ಇತ್ತು.

ಕ್ಯಾಸೆಟ್ 100 ಮಿಲಿಮೀಟರ್ ಉದ್ದ, 64 ಅಗಲ. ರೀಡರನ್ನು ಮೇಲ್ಹಲಗೆಯಲ್ಲಿ ಕ್ಯಾಸೆಟ್ ಕೂರುವ ಗುಣಿಯ ಎಡ ಅರ್ಧದ ಕೆಳಗೆ ಮಾತ್ರ ಕೂರಿಸಬೇಕು. ಟ್ಯಾಗ್‌ಗಳನ್ನು ಎರಡು ತುದಿಗೆ, ಅಂಚಿನಿಂದ ನಡುಬಿಂದುವಿಗೆ 18 ಮಿಲಿಮೀಟರ್ ದೂರದಲ್ಲಿ ಅಂಟಿಸಬೇಕು. ಎ ಮೇಲಿಟ್ಟಾಗ ಎಡಕ್ಕೆ ಬರುವ ತುದಿಯಲ್ಲಿ, ಕೆಳಗಿನ ಚಿಪ್ಪಿನ ಒಳಮೈಗೆ ಎ ಟ್ಯಾಗ್. ಆಮೇಲೆ ಬಿ ಮೇಲಿಟ್ಟು ಅದೇ ಲೆಕ್ಕದಲ್ಲಿ ಬಿ ಟ್ಯಾಗ್. ರೀಡರ್‌ಗೆ ಯಾವಾಗಲೂ ಒಂದೇ ಕಾಣುತ್ತದೆ, ಇನ್ನೊಂದು ಅದರ ಕೈಗೆ ಎಟುಕುವುದಿಲ್ಲ.

ಒಳಗಿನ ಫೆಲ್ಟ್ ಪ್ಯಾಡಿನ ಹಿಂದಿನ ಲೋಹದ ತಗಡು ತೆಗೆದುಬಿಡಿ. ಸುರುಳಿ ಹಾಗೇ ಇರಲಿ, ತೂಕ ಬೇಕು. ಖಾಲಿ ಚಿಪ್ಪು ಕೈಯಲ್ಲಿ ಆಟಿಗೆ ಸಾಮಾನಿನಂತೆ ಅನಿಸುತ್ತದೆ.

ಎರಡು ಸೈಡ್ ಇರುವುದಕ್ಕೆ ಒಂದು ಒಳ್ಳೆ ಉಪಯೋಗ ಹೇಳುತ್ತೇನೆ. ಗಂಗೂಬಾಯಿ ಅವರ 1930ರ ದಶಕದ ತಟ್ಟೆಗಳಲ್ಲಿ ಹೆಸರು ಗಾಂಧಾರಿ ಅಂತ ಇರುತ್ತಿತ್ತು. ದನಿ ತೆಳು, ಎತ್ತರದ ಶ್ರುತಿ. ಮುಂದೆ ನಾವೆಲ್ಲ ಕೇಳಿದ ಗಡಸು ದನಿಯ ಸುಳಿವೇ ಅಲ್ಲಿಲ್ಲ. 78 ಆರ್‌ಪಿಎಂ ತಟ್ಟೆ ಆದ್ದರಿಂದ ಒಂದೊಂದು ಮೂರು ಚಿಲ್ಲರೆ ನಿಮಿಷ. ಅವನ್ನು ಎ ಸೈಡ್‌ಗೆ ಹಾಕಿ, ಬಿ ಸೈಡ್‌ಗೆ ಅವರ ಇಳಿವಯಸ್ಸಿನ ಒಂದು ಖ್ಯಾಲ್ ಹಾಕಿದೆ. ಕ್ಯಾಸೆಟ್ ತಿರುವಿದರೆ ನಾಲ್ಕು ದಶಕ ದಾಟಿದ ಹಾಗೆ.

ತಂತಿ ಜೋಡಣೆ

ಮೊದಲು ಬೆಸೆಯದೆ ತಂತಿ ಚುಚ್ಚುವ ಬ್ರೆಡ್‌ಬೋರ್ಡ್ ಮೇಲೆ ಮಾಡಿ ನೋಡಿ, ಸರಿ ಬಂದ ಮೇಲೆ ಬೆಸೆಯಿರಿ.

ರೀಡರ್‌ನಿಂದ ಬೋರ್ಡ್‌ಗೆ:
ಎಸ್‌ಡಿಎ — 5
ಎಸ್‌ಸಿಕೆ — 18
ಮಿಸೊ — 19
ಮೋಸಿ — 23
ಆರ್‌ಎಸ್‌ಟಿ — 22
ಗ್ರೌಂಡ್ — ಗ್ರೌಂಡ್
3.3 ವೋಲ್ಟ್ — 3.3 ವೋಲ್ಟ್

ಐಆರ್‌ಕ್ಯೂ ಅಂತ ಒಂದು ಪಿನ್ ಉಳಿಯುತ್ತದೆ, ಬಿಟ್ಟುಬಿಡಿ. ರೀಡರ್‌ಗೆ 5 ವೋಲ್ಟ್ ಕೊಡಬೇಡಿ. ನಾನು ಸುಟ್ಟದ್ದು ಹೀಗೇ. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ, ಸುಮ್ನೆ ಸತ್ತಿತ್ತು. ಪ್ರೋಗ್ರಾಂ ತಪ್ಪಿದೆ ಅಂತ ಎರಡು ದಿನ ಅದನ್ನೇ ತಿದ್ದಿದೆ.

ಪ್ಲೇಯರ್‌ನ ವಿಸಿಸಿಗೆ, ಅಂದರೆ ಕರೆಂಟ್ ಒಳಬರುವ ಪಿನ್‌ಗೆ, 5 ವೋಲ್ಟ್. ಅದರ ಆರ್‌ಎಕ್ಸ್ ಪಿನ್ ಬೋರ್ಡ್‌ನ 17ಕ್ಕೆ, ನಡುವೆ ಆ 1 ಕಿಲೋಓಮ್ ರೆಸಿಸ್ಟರ್. ಟಿಎಕ್ಸ್ ನೇರವಾಗಿ 16ಕ್ಕೆ. ಬಿಸಿ (BUSY, ಅಂದರೆ ಕೆಲಸದಲ್ಲಿದ್ದೇನೆ) ಅನ್ನುವ ಪಿನ್ 4ಕ್ಕೆ. ಹಾಡು ನಡೆಯುತ್ತಿದ್ದರೆ ಇದು ಸೊನ್ನೆ ತೋರಿಸುತ್ತದೆ, ನಿಂತರೆ ಮೇಲೇರುತ್ತದೆ. ಸ್ಪೀಕರ್‌ನ ಎರಡು ತಂತಿ ಎಸ್‌ಪಿಕೆ1, ಎಸ್‌ಪಿಕೆ2ಕ್ಕೆ. ಇವೆರಡರಲ್ಲಿ ಯಾವುದನ್ನೂ ಗ್ರೌಂಡ್‌ಗೆ ತಾಗಿಸಬೇಡಿ, ಆಂಪ್ಲಿಫೈಯರ್ ಹೋಗುತ್ತದೆ.

ದೊಡ್ಡ ಕೆಪಾಸಿಟರನ್ನು ಪ್ಲೇಯರ್‌ನ ವಿಸಿಸಿ ಮತ್ತು ಗ್ರೌಂಡ್ ನಡುವೆ, ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಹಾಕಿ. ಮೈಮೇಲೆ ಗೀರು ಇರುವ ಕಾಲು ಗ್ರೌಂಡ್‌ಗೆ. ವಾಲ್ಯೂಮ್ ಕಂಟ್ರೋಲ್‌ನ ಎರಡು ತುದಿ 3.3 ವೋಲ್ಟ್ ಮತ್ತು ಗ್ರೌಂಡ್‌ಗೆ, ನಡುಕಾಲು 34ಕ್ಕೆ. ಅದರ ಬೆನ್ನಿನ ಸ್ವಿಚ್ ಮೂಲಕ ಚಾರ್ಜರ್‌ನ 5 ವೋಲ್ಟ್ ಹಾಯಿಸಿ, ಬೋರ್ಡ್‌ಗೂ ಪ್ಲೇಯರ್‌ಗೂ ಕೊಡಿ. ಗುಂಡಿ 25ನೇ ಪಿನ್‌ನಿಂದ ಗ್ರೌಂಡ್‌ಗೆ. ಪ್ರೋಗ್ರಾಂ ಹಾಕಲು ಯುಎಸ್‌ಬಿ ಚುಚ್ಚಿದಾಗ ಚಾರ್ಜರ್ ಕಳಚಿಡಿ.

ಪ್ರೋಗ್ರಾಂ ಏನು ಮಾಡಬೇಕು

ಪ್ರೋಗ್ರಾಂ ಬರೆದು ಬೋರ್ಡ್‌ಗೆ ಹಾಕುವ ಆರ್ಡುಯಿನೊ ಐಡಿಇಯಲ್ಲಿ ಇಎಸ್‌ಪಿ32 ಬೋರ್ಡ್ ಸೇರಿಸಿ. ಲೈಬ್ರರಿ ಎರಡು: ಎಂಎಫ್‌ಆರ್‌ಸಿ522 ಮತ್ತು ಡಿಎಫ್‌ರೋಬೋಟ್ ಡಿಎಫ್‌ಪ್ಲೇಯರ್ ಮಿನಿ. ಎರಡರ ಜೊತೆಗೂ ಮಾದರಿ ಪ್ರೋಗ್ರಾಂ ಬರುತ್ತದೆ. ಮೊದಲು ಒಂದೊಂದನ್ನೇ ಓಡಿಸಿ, ಟ್ಯಾಗ್ ನಂಬರ್ ಕಾಣುತ್ತದೆಯೇ, ಹಾಡು ಬರುತ್ತದೆಯೇ ನೋಡಿ. ಟ್ಯಾಗ್ ನಂಬರ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ನಂಬರ್, ಯಾವ ಫೋಲ್ಡರ್, ಅದರಲ್ಲಿ ಎಷ್ಟು ಫೈಲ್: ಈ ಮೂರು ಕಾಲಮಿನ ಕೋಷ್ಟಕವೇ ಪ್ರೋಗ್ರಾಂನ ಹೃದಯ.

ಆನ್ ಆದ ಮೇಲೆ ಮೂರು ಸೆಕೆಂಡ್ ಸುಮ್ಮನಿರಲು ಹೇಳಿ. ಪ್ಲೇಯರ್ ಕಾರ್ಡ್ ಓದುತ್ತಿರುತ್ತದೆ, ಆಗ ಕೊಟ್ಟ ಆಜ್ಞೆ ಗಾಳಿಗೆ ಹೋಗುತ್ತದೆ. ಪ್ಲೇಯರ್ ಜೊತೆ ಮಾತು 9600 ವೇಗದಲ್ಲಿ, ಎರಡು ಆಜ್ಞೆಯ ನಡುವೆ ನೂರು ಮಿಲಿಸೆಕೆಂಡ್ ಬಿಡುವು. ಆಮೇಲೆ ಸುತ್ತು ಶುರು. ಹೊಸ ಟ್ಯಾಗ್ ಬಂದರೆ ಅದರ ಫೋಲ್ಡರ್‌ನ ಒಂದನೇ ಹಾಡು. ಟ್ಯಾಗ್ ಹೋದರೆ ತಡೆ. ಅದೇ ಟ್ಯಾಗ್ ಮತ್ತೆ ಬಂದರೆ ತಡೆದಲ್ಲಿಂದ ಮುಂದಕ್ಕೆ. ಹಾಡು ಮುಗಿದರೆ ಮುಂದಿನ ಫೈಲ್, ಕೊನೆಯದು ಮುಗಿದರೆ ಮೌನ. ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುವುದು ಬೇಡ. ಸೈಡ್ ಮುಗಿದ ಮೇಲಿನ ಮೌನವೂ ಕ್ಯಾಸೆಟ್‌ನ ಭಾಗವೇ, ಅಲ್ವಾ?

ಕೇಳಲು ಸರಳ. ನನ್ನ ನಾಲ್ಕು ತಿಂಗಳಲ್ಲಿ ಒಂದೂವರೆ ಇಲ್ಲೇ ಹೋಯಿತು. ಎರಡು ಕಡೆ ಮುಗ್ಗರಿಸಿದೆ.

ಒಂದು, ಕ್ಯಾಸೆಟ್ ಇಟ್ಟೇ ಇದ್ದರೂ ಹಾಡು ತಡೆದು ತಡೆದು ಬರುತ್ತಿತ್ತು. ಕಾರಣ ಹೀಗಿದೆ. "ಯಾರಾದರೂ ಇದ್ದೀರಾ" ಅಂತ ರೀಡರ್ ಕೇಳಿದಾಗ ಟ್ಯಾಗ್ ಉತ್ತರ ಕೊಟ್ಟು ಎಚ್ಚರಾಗುತ್ತದೆ. ಎಚ್ಚರಾಗಿರುವ ಟ್ಯಾಗ್‌ಗೆ ಅದೇ ಪ್ರಶ್ನೆ ಮತ್ತೆ ಕೇಳಿದರೆ ಉತ್ತರ ಕೊಡದೆ ಮೊದಲ ಸ್ಥಿತಿಗೆ ಮರಳುತ್ತದೆ. ಮೂರನೇ ಸಲ ಕೇಳಿದರೆ ಮತ್ತೆ ಉತ್ತರ. ಹೀಗೆ ಒಂದು ಸಲ ಹೌದು, ಒಂದು ಸಲ ಇಲ್ಲ. ನನ್ನ ಪ್ರೋಗ್ರಾಂ ಪ್ರತಿ "ಇಲ್ಲ"ಕ್ಕೂ ಕ್ಯಾಸೆಟ್ ಎತ್ತಿದರು ಅಂತ ತಿಳಿಯುತ್ತಿತ್ತು. ಸತತ ನಾಲ್ಕು ಸಲ ಉತ್ತರ ಬರದಿದ್ದರೆ ಮಾತ್ರ ಎತ್ತಿದ್ದಾರೆ ಅಂತ ಲೆಕ್ಕ ಹಿಡಿಯಿರಿ. ಓದಿದ ಮೇಲೆ ಟ್ಯಾಗ್ ಮಲಗಿಸುವ ಹಾಲ್ಟ್ ಆಜ್ಞೆ ಮಾದರಿ ಪ್ರೋಗ್ರಾಂನಲ್ಲಿ ಇರುತ್ತದೆ, ಅದನ್ನು ಅಳಿಸಿ.

ಎರಡು, ಕ್ಯಾಸೆಟ್ ಎತ್ತಿ ಮತ್ತೆ ಇಟ್ಟರೆ ಮುಂದಿನ ಹಾಡಿಗೆ ಹೋಗುತ್ತಿತ್ತು. ತಡೆದಾಗಲೂ ಬಿಸಿ ಪಿನ್ ಮೇಲೇರುತ್ತದೆ. ಪ್ರೋಗ್ರಾಂಗೆ ಅದು ಹಾಡು ಮುಗಿದಂತೆ ಕಾಣುತ್ತಿತ್ತು. ತಡೆದಿದ್ದೇವೋ ಇಲ್ಲವೋ ಅಂತ ಒಂದು ಗುರುತು ಇಟ್ಟುಕೊಂಡು, ತಡೆದಿರುವಾಗ ಆ ಪಿನ್ ನೋಡಲೇಬಾರದು. ಹಾಡು ಶುರು ಮಾಡಿದ ಮೊದಲ ಒಂದು ಸೆಕೆಂಡ್ ಕೂಡ ನೋಡಬಾರದು, ಆಗ ಅದು ಕುಣಿಯುತ್ತಿರುತ್ತದೆ.

ವಾಲ್ಯೂಮ್‌ಗೆ ಪಿನ್ 34ರಿಂದ 0 ಇಂದ 4095ರವರೆಗಿನ ಸಂಖ್ಯೆ ಸಿಗುತ್ತದೆ. ಅದನ್ನು ಪ್ಲೇಯರ್‌ನ 0ಯಿಂದ 30ಕ್ಕೆ ಇಳಿಸಬೇಕು. ನಾನು 22ಕ್ಕೆ ನಿಲ್ಲಿಸಿದ್ದೇನೆ, ಅದರ ಮೇಲೆ ನನ್ನ ಸ್ಪೀಕರ್ ಒಡಕು ದನಿ ತೆಗೆಯುತ್ತದೆ. ಸಂಖ್ಯೆ ತುಸು ನಡುಗುತ್ತಿರುತ್ತದೆ, ಹಾಗಾಗಿ ದೊಡ್ಡ ಬದಲಾವಣೆ ಆದಾಗ ಮಾತ್ರ ಪ್ಲೇಯರ್‌ಗೆ ತಿಳಿಸಿ.

ಇನ್ನು ಆ ಒಂದೇ ಗುಂಡಿ. ಅದನ್ನು ಮುಂದಿನ ಹಾಡಿಗೆ ಇಡಬೇಕು ಅಂತ ಮೊದಲು ಅಂದುಕೊಂಡಿದ್ದೆ. ಇಟ್ಟಿದ್ದರೆ ಮತ್ತೆ ಫೋನಿನ ಕತೆಯೇ. ಕಂಪನಿ ನಾಟಕದಲ್ಲಿ ಹಾಡು ಚೆನ್ನಾಗಿ ಬಂದರೆ ಜನ ಕೂಗುತ್ತಾರಲ್ಲ, ಹಾಗೆ ಇದು ವನ್ಸ್ ಮೋರ್ ಗುಂಡಿ. ಒತ್ತಿದರೆ ನಡೆಯುತ್ತಿರುವ ಹಾಡು ಮೊದಲಿನಿಂದ. ನಾಟ್ಯಗೀತೆ, ವಚನಗಳ ಕ್ಯಾಸೆಟ್‌ಗೆ ಇದು ಬಹಳ ಬಳಕೆಯಾಗುತ್ತದೆ.

ಪೆಟ್ಟಿಗೆ

ನಾನು ಬಡಿಗೇರ ಕೈಲಿ ಸಾಗುವಾನಿಯಲ್ಲಿ ಮಾಡಿಸಿದೆ. ಹಳೆ ರೇಡಿಯೋದ ಕವಚ ಇದ್ದರೆ ಇನ್ನೂ ಚೆಂದ. ಗಮನಿಸಬೇಕಾದದ್ದು ಮೇಲ್ಹಲಗೆ. ರೀಡರ್ ಇರುವಲ್ಲಿ ಮರದ ದಪ್ಪ 3 ಮಿಲಿಮೀಟರ್ ಸಾಕು. ಅದಕ್ಕಾಗಿ ನಡುವೆ ತೆಳು ಪ್ಲೈವುಡ್ ಹಾಕಿ, ಸುತ್ತ ಬೀಡಿಂಗ್ ಪಟ್ಟಿ ಹೊಡೆಸಿ ಗುಣಿ ಮಾಡಿಸಿ. ಗುಣಿಯ ಅಳತೆ 102 × 66, ಆಳ 5 ಮಿಲಿಮೀಟರ್. ಕ್ಯಾಸೆಟ್ ಎತ್ತಲು ಒಂದು ಕಡೆ ಬೆರಳು ಹೋಗುವಷ್ಟು ಕೊರೆತ ಇರಲಿ. ಗುಣಿ ತೀರಾ ಬಿಗಿ ಮಾಡಿಸಬೇಡಿ, ಮಳೆಗಾಲದಲ್ಲಿ ಮರ ಉಬ್ಬುತ್ತದೆ.

ರೀಡರ್ ಸುತ್ತ ಐದು ಸೆಂಟಿಮೀಟರ್ ಒಳಗೆ ಕಬ್ಬಿಣ ಬೇಡ. ಸ್ಪೀಕರ್ ಮ್ಯಾಗ್ನೆಟ್ ಕೂಡ ದೂರ. ರೀಡರನ್ನು ಸ್ಕ್ರೂ ಬದಲು ಅಂಟಿನಿಂದ ಕೂರಿಸಿ. ಸ್ಪೀಕರ್ ಮುಂಬದಿಗೆ ಇರಲಿ. ಮರದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ತಬಲಾ ಜೋಡಿಯ ಡಗ್ಗಾದ ಗುಮ್ಮೆನ್ನುವ ಪೆಟ್ಟು ಮೊಣಕೈವರೆಗೆ ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಈ ಸುಖ ಇಲ್ಲ.

ಬೆರಳಿಗೆ ಗುರುತು

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ತಲೆಮಾರುಗಳಿಂದ ಸಂಗೀತ ಕಲಿಯುತ್ತಿದ್ದಾರೆ. ಅದನ್ನು ನಡೆಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅಂಥ ಊರಿಗೆ ನಾನು ಮೊದಲು ಚೆಂದದ ಅಕ್ಷರದಲ್ಲಿ ಲೇಬಲ್ ಬರೆದು ಒಯ್ದಿದ್ದೆ. ಮಾಮಾ ಅದನ್ನು ಸವರಿ ನಕ್ಕರು.

ಆಮೇಲೆ ಅವರೇ ಕೂತು ಪದ್ಧತಿ ಮಾಡಿದರು. ಕ್ಯಾಸೆಟ್‌ನ ಬೆನ್ನಿಗೆ ಸಣ್ಣ ಅರದಿಂದ ಕಚ್ಚು. ಬೆಳಗಿನ ತೋಡಿ, ಭೈರವಕ್ಕೆ ಒಂದು. ಮಧ್ಯಾಹ್ನದ ಭೀಮಪಲಾಸಕ್ಕೆ ಎರಡು. ಸಂಜೆಯ ಯಮನ್, ಪೂರಿಯಾಕ್ಕೆ ಮೂರು. ರಾತ್ರಿಯ ದರಬಾರಿ, ಮಾಲಕಂಸಕ್ಕೆ ನಾಲ್ಕು. ಕಿರಾಣಾ ಘರಾಣೆಯವರಾದರೆ (ಘರಾಣೆ ಅಂದರೆ ಗಾಯನ ಪರಂಪರೆ) ಅಂಚಿಗೆ ಹತ್ತಿ ದಾರ, ಜೈಪುರದ ಮನ್ಸೂರರಿಗೆ ಸೆಣಬಿನ ಹುರಿ. ಎರಡನ್ನೂ ಫೆವಿಕಾಲ್‌ನಿಂದ ಅಂಟಿಸಿದ್ದು. ವಚನಗಳ ಕ್ಯಾಸೆಟ್‌ಗೆ ಒಂದು ರುದ್ರಾಕ್ಷಿ ಮಣಿ. ಎ ಸೈಡ್ ಗೊತ್ತಾಗಲು ಎಡಮೂಲೆಗೆ ಅಂಗಿಯ ಗುಂಡಿ. ಕಚ್ಚನ್ನು ಹಾಕಿದ ಮೇಲೆ ಮರಳು ಕಾಗದದಿಂದ ತಿಕ್ಕಿ, ಇಲ್ಲವಾದರೆ ಬೆರಳು ಕುಯ್ಯುತ್ತದೆ.

ಸದ್ದು, ಸಂಕಟ

ಹಾಡಿಲ್ಲದಾಗ ಟಿಕಟಿಕ ಸದ್ದು ಬಂದರೆ ಆ 1 ಕಿಲೋಓಮ್ ರೆಸಿಸ್ಟರ್ ಮರೆತಿದ್ದೀರಿ, ಅಥವಾ ಬೋರ್ಡ್‌ನ ವೈಫೈ ಆನ್ ಇದೆ. ಗುಂಯ್ ಅನ್ನುತ್ತಿದ್ದರೆ ಮೊದಲು ಚಾರ್ಜರ್ ಬದಲಿಸಿ ನೋಡಿ. ಆಮೇಲೆ ಗ್ರೌಂಡ್ ತಂತಿಗಳನ್ನು ಸರಪಳಿಯಂತೆ ಒಂದರಿಂದ ಒಂದಕ್ಕೆ ಎಳೆಯದೆ ಎಲ್ಲವನ್ನೂ ಒಂದೇ ಬಿಂದುವಿಗೆ ತನ್ನಿ. ಕರೆಂಟ್ ಹೋಗುವ ಊರಾದರೆ ಪವರ್ ಬ್ಯಾಂಕ್ ಸಾಕು. ಆದರೆ ಕಡಿಮೆ ಕರೆಂಟ್ ಎಳೆದರೆ ತಾನೇ ಆಫ್ ಆಗುವ ಪವರ್ ಬ್ಯಾಂಕ್‌ಗಳಿವೆ, ಕೊಳ್ಳುವ ಮುನ್ನ ಅಂಗಡಿಯಲ್ಲೇ ಪರೀಕ್ಷಿಸಿ. ಕಾರ್ಡ್ ಒಂದು ದಿನ ಕೆಡುತ್ತದೆ. ಅದರ ನಕಲು ಇನ್ನೊಂದು ಕಾರ್ಡ್‌ನಲ್ಲಿ ಮಾಡಿಡಿ.

ಆ ಎರಡನೇ ಕಾರ್ಡನ್ನು ಒಂದು ಲಕೋಟೆಯಲ್ಲಿ ಹಾಕಿ ಮುಚ್ಚಳದ ಒಳಗೆ ಅಂಟಿಸಿ. ಪಕ್ಕದಲ್ಲೇ ಒಂದು ಚೀಟಿ ಇರಲಿ: ಯಾವ ತಂತಿ ಎಲ್ಲಿಗೆ, ಯಾವ ಫೋಲ್ಡರ್‌ನಲ್ಲಿ ಯಾರು, ಟ್ಯಾಗ್ ನಂಬರ್ ಏನು. ನಾಳೆ ಇದನ್ನು ಬಿಚ್ಚುವವರು ನೀವೇ ಆಗಿರಬೇಕೆಂದಿಲ್ಲ. ಬೆಟಗೇರಿಯ ಪೆಟ್ಟಿಗೆಯ ಚೀಟಿಯನ್ನು ಹೋದ ತಿಂಗಳು ನೋಡಿದೆ. ನನ್ನ ಪಟ್ಟಿಯ ಕೆಳಗೆ ಮಾಮಿ ಪೆನ್ಸಿಲ್‌ನಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಮಧ್ಯಾನ್ಹ ಎರಡರಿಂದ ನಾಕರ ತನಕ ಹಚ್ಚಬ್ಯಾಡ್ರಿ."